ಅಂದಾನೆಪ್ಪನ ಅಧಿಕೃತ ಮುಖ

ಮನುಷ್ಯನ ಮುಖವು ಸರಕಾರಿ ದಾಖಲೆಯಾಗಿದ್ದು, ಪೂರ್ವಾನುಮತಿ ಇಲ್ಲದೆ ಅದಕ್ಕೆ ಸುಕ್ಕು, ಕಲೆ ಅಥವಾ ವಯಸ್ಸನ್ನು ಸೇರಿಸತಕ್ಕದ್ದಲ್ಲ. ಕಟಕೋಳದ ರೈತ ಅಂದಾನೆಪ್ಪನಿಗೆ ಈ ನಿಯಮ ಗೊತ್ತಿರಲಿಲ್ಲ. ಪಾಪ, ಮುಖ ತನ್ನದೇ ಅಂದುಕೊಂಡು ಬಿಸಿಲಾಗ ಬೇಕಾಬಿಟ್ಟಿ ಬಳಸಿಬಿಟ್ಟಿದ್ದ.

ಹೀಗಾಗಿ ಮಳೆಗೆ ರಾಶಿ ಮುಚ್ಚುವ ಸಹಾಯಧನದ ತಾಡಪತ್ರಿ ಕೇಳಲು ರಾಮದುರ್ಗದ ರೈತ ಮುಖ ಪರಿಶೀಲನಾ ಕಚೇರಿಗೆ ಹೋದಾಗ, ಅಲ್ಲಿಯ ಮೊಬೈಲು ಅವನನ್ನು ನೋಡಿದ್ದೇ ಕೆಂಪಗಾಯಿತು.

"ಇದು ನಿಮ್ಮ ಮುಖ ಅಲ್ರಿ," ಅಂದರು ಮೊಬೈಲು ಹಿಡಿದಿದ್ದ ಅಧಿಕಾರಿ ಸುಭಾಸ ಸಾಹೇಬರು.

"ಹುಟ್ಟಿದಾಗಿಂದ ಇದನ್ನ ಇಟ್ಕೊಂಡೇನ್ರಿ, ಸಾಹೇಬ್ರ."

"ಹಳೀ ಫೋಟೋದಾಗ ಮೀಸಿ ಕರ್ರಗೈತಿ, ಗಲ್ಲ ಗುಂಡಗದಾವು. ಆ ಮುಖ ಎಲ್ಲಿ ಇಟ್ಟು ಬಂದೀರಿ?"

ಅಂದಾನೆಪ್ಪ ಗಲ್ಲ ಸವರಿಕೊಂಡ. ನೆನಪಾಗಲಿಲ್ಲ. ಹೊರಗೆ ಮೋಡ ಕಟ್ಟುತ್ತಿತ್ತು, ಊರ ಕಣದಲ್ಲಿ ಅವನ ಗೋವಿನಜೋಳದ ತೆನೆಯ ರಾಶಿ ಬತ್ತಲೆ ಬಿದ್ದಿತ್ತು. ಒಂದು ದೊಡ್ಡ ಮಳೆ ಬಂದರೆ ವರ್ಷದ ದುಡಿಮೆಯೆಲ್ಲ ಕಣದಲ್ಲೇ ಮೊಳಕೆಯೊಡೆಯುತ್ತಿತ್ತು.

ಮರುದಿನ ಸಾಹೇಬರು ಸ್ಥಳ ಪರಿಶೀಲನೆಗೆ ಬಂದು ಹೊಲದತ್ತ ಮೊಬೈಲು ಎತ್ತಿದರು. ಸೂರ್ಯಕಾಂತಿಯ ನಡುವೆ ಹೆಂಡತಿ ಇಂದ್ರವ್ವ ನಿಲ್ಲಿಸಿದ ಬೆದರುಗೊಂಬೆ ಇತ್ತು. ಮೈಮೇಲೆ ಅಂದಾನೆಪ್ಪನ ಮದುವೆಯ ಅಂಗಿ, ಗಡಿಗೆಯ ತಲೆಗೆ ಅವನದೇ ರುಮಾಲು, ಇದ್ದಿಲಿನಲ್ಲಿ ಬರೆದ ಮೀಸೆ. ಮೊಬೈಲು ಹಸಿರಾಯಿತು.

'ಮುಖ ಹೊಂದಿಕೆಯಾಗಿದೆ. ಅಂದಾನೆಪ್ಪನವರಿಗೆ ಅಭಿನಂದನೆಗಳು.'

ಸಾಹೇಬರು ಗಡಿಗೆಗೆ ಕೈ ಮುಗಿದರು. "ಇಲ್ಲೇ ಅದೀರಲ್ರಿ! ನಿಮ್ಮನ್ನ ಹುಡುಕಿ ಹುಡುಕಿ ಸಾಕಾತು."

"ಸಾಹೇಬ್ರ, ಅದು ಗಡಿಗಿರಿ!"

"ರೈತರ ಜೋಡಿ ಮಾತಾಡಾಕತ್ತೇನಿ. ನಡುವ ಬಾಯಿ ಹಾಕಾಕ ನೀವ್ಯಾರ್ರಿ?"

ಇಂದ್ರವ್ವ ಗಂಡನ ತೋಳು ಜಗ್ಗಿದಳು. "ನಾ ಬರದ ಮೀಸಿ ಪಾಸಾತು, ನಿಮ್ಮವ್ವ ಹಡದ ಮುಖ ಫೇಲಾತು. ಸುಮ್ನ ಬರ್ರಿ, ಮಳಿ ಬರೂದರಾಗ ತಾಡಪತ್ರಿ ಬರಲಿ."

ಫಲಾನುಭವಿಯು ಖುದ್ದಾಗಿ ಹಾಜರಾಗತಕ್ಕದ್ದು ಎಂದು ನಿಯಮವಿದ್ದುದರಿಂದ ಗೊಂಬೆಯನ್ನು ಫಕ್ರುಸಾಬನ ಟಂಟಂ ರಿಕ್ಷಾ ಹತ್ತಿಸಿದರು. ಚಾಚಿದ ಕೈ ಆ ಕಡೆಯಿಂದ ಈ ಕಡೆಗೆ ಇಡೀ ಸೀಟು ಹಿಡಿಯಿತು.

"ಇವ್ರು ಕೈ ಮಡಚಂಗಿಲ್ಲೇನ್ರಿ?" ಫಕ್ರುಸಾಬ ಹಿಂತಿರುಗಿ ನೋಡಿದ. "ಹಂಗಾರ ನೀವ ಹಿಂದ ಜೋತ್ಬೀಳ್ರಿ, ಕಾಕಾ. ದೊಡ್ಡ ಮಂದಿ ಆರಾಮ ಕುಂತ್ಕೊಳ್ಳಲಿ."

ಕಚೇರಿಯಲ್ಲಿ ಗೊಂಬೆಗೆ ಕುರ್ಚಿ ಕೊಟ್ಟರು, ಚಹಾ ತರಿಸಿದರು. ಅಂದಾನೆಪ್ಪನನ್ನು, ಸಂಬಂಧವಿಲ್ಲದ ವ್ಯಕ್ತಿಯೆಂದು, ಬಾಗಿಲಾಚೆ ನಿಲ್ಲಿಸಿದರು. ತಾಡಪತ್ರಿಯೇನೋ ಸಿಕ್ಕಿತು, ಜತೆಗೊಂದು ಷರತ್ತೂ ಬಂತು: ಇದನ್ನು ಫಲಾನುಭವಿಯ ಮೇಲಲ್ಲದೆ ಅನ್ಯರ ತೆನೆಯ ಮೇಲೆ ಹೊದಿಸತಕ್ಕದ್ದಲ್ಲ.

ಅಂದಾನೆಪ್ಪ ತಲೆ ಹಿಡಿದುಕೊಂಡು ಕುಂತ. ಇಂದ್ರವ್ವ ಕೂರಲಿಲ್ಲ. ಗೊಂಬೆಯನ್ನು ಒಯ್ದು ತೆನೆಯ ರಾಶಿಯ ಮೇಲೆ ಅಂಗಾತ ಮಲಗಿಸಿ, ಎರಡನ್ನೂ ಸೇರಿಸಿ ತಾಡಪತ್ರಿ ಹೊದಿಸಿ, ನಾಲ್ಕೂ ಮೂಲೆಗೆ ಕಲ್ಲು ಹೇರಿದಳು. ಸಂಜೆಗೆ ಮಳೆ ದಬದಬ ಸುರಿಯಿತು. ಒಂದು ತೆನೆಯೂ ನೆನೆಯಲಿಲ್ಲ. ಬೆಳಿಗ್ಗೆ ತಪಾಸಣೆಗೆ ಬಂದ ಸಾಹೇಬರು ಅಂಚು ಎತ್ತಿ ಇಣುಕಿ, 'ಫಲಾನುಭವಿ ಕ್ಷೇಮ, ವಿಶ್ರಾಂತಿಯಲ್ಲಿದ್ದಾರೆ' ಎಂದು ಬರೆದುಕೊಂಡರು.

ಆದರೆ ಅತ್ತ ಹೊಲದಲ್ಲಿ ಗೊಂಬೆಯಿಲ್ಲ, ಗಿಳಿಗಳಿಗೆ ಹಬ್ಬ. ಬೇರೆ ದಾರಿ ಕಾಣದೆ ಅಂದಾನೆಪ್ಪನೇ ಸೂರ್ಯಕಾಂತಿಯ ನಡುವೆ ಕೈ ಚಾಚಿ ನಿಂತುಕೊಂಡ. ಮರಳಿ ಹೊರಟಿದ್ದ ಸಾಹೇಬರು ಕರ್ತವ್ಯಪ್ರಜ್ಞೆಯಿಂದ ಅವನತ್ತಲೂ ಮೊಬೈಲು ಎತ್ತಿದರು. ಅದು ತಕ್ಷಣ ಹಸಿರಾಯಿತು.

'ಬೆದರುಗೊಂಬೆ. ಸ್ಥಿತಿ: ಜೀರ್ಣ. ದುರಸ್ತಿ ಸಹಾಯಧನಕ್ಕೆ ಅರ್ಹ.'

"ಸಾಹೇಬ್ರ, ನಾ ಮನಷ್ಯಾ..."

"ಗೊಂಬಿ ಮಾತಾಡಿದ್ರ ಅರ್ಜಿ ರದ್ದಾಗತೈತಿ ನೋಡ್ರಿ," ಸಾಹೇಬರು ಅಕ್ಕರೆಯಿಂದಲೇ ಎಚ್ಚರಿಸಿದರು.

ಅಂದಾನೆಪ್ಪ ಬಾಯಿ ಮುಚ್ಚಿದ. ಇಂದ್ರವ್ವ ಅವನ ಮೊಣಕೈ ನೆಟ್ಟಗೆ ಮಾಡಿ, "ಸ್ವಲ್ಪ ಮ್ಯಾಲ ಎತ್ರಿ, ಅಗದೀ ಚಲೋ ಕಾಣತೀರಿ," ಅಂದಳು.

ಅಷ್ಟರಲ್ಲಿ ಗಿಳಿಯೊಂದು ಹತ್ತಿರ ಬಂದು, ಕತ್ತು ಓರೆ ಮಾಡಿ ಅವನ ಮುಖವನ್ನು ಪರಿಶೀಲಿಸಿತು. ಹೊಂದಿಕೆಯಾಗಿರಬೇಕು, ಹೆದರಿ ಹಾರಿಹೋಯಿತು.