ತಂತಿ ಮೇಲೆ ಮೂರು ಫ್ರಾಕು

ಬಿಸಿಲು ಚೆನ್ನಾಗಿತ್ತು ಎಂಬ ಒಂದೇ ಕಾರಣಕ್ಕೆ ಬಸವಾಪಟ್ಟಣದ ಡ್ರಿಲ್ ಮೇಷ್ಟ್ರು ಶಿವಮೂರ್ತಪ್ಪ ಆ ಭಾನುವಾರ ಮೂರು ಪುಟ್ಟ ಫ್ರಾಕುಗಳನ್ನು ಒಗೆದು ಹಿತ್ತಿಲ ತಂತಿಗೆ ಹಾಕಿದರು. ಮೇಷ್ಟ್ರಿಗೆ ಮೂವತ್ತೆಂಟು ವರ್ಷ, ಹುರಿ ಮೀಸೆ, ಇನ್ನೂ ಮದುವೆಯಾಗಿರಲಿಲ್ಲ.

ಫ್ರಾಕುಗಳು ಗೊಂಬೆಗಳವು. ಅರವತ್ತೈದು ವರ್ಷದ ಹಿಂದೆ ಜರ್ಮನಿಯಲ್ಲಿ ಯಾರದೋ ಮನೆ ಮಕ್ಕಳ ಮುಖ ನೋಡಿ ಅಚ್ಚು ಹಾಕಿದ ಪಿಂಗಾಣಿ ಗೊಂಬೆಗಳು. ನಿಜವಾದ ಕೂದಲು, ಮಲಗಿಸಿದರೆ ಮುಚ್ಚಿಕೊಳ್ಳುವ ಗಾಜಿನ ಕಣ್ಣು. ಬೆಂಗಳೂರಿನ ಹಳೇ ಬಂಗಲೆಗಳ ಹರಾಜಿಗೆ ಅಲೆದು ಹತ್ತು ವರ್ಷದಲ್ಲಿ ಮೂರು ಕೂಡಿಸಿದ್ದರು. ಸೀಟಿ ಊದಿ ಶಾಲೆಯನ್ನೇ ನಡುಗಿಸುವ ಮನುಷ್ಯ ಸಂಜೆ ಕದ ಹಾಕಿಕೊಂಡು ಗೊಂಬೆಗೆ ತಲೆ ಬಾಚುತ್ತಾನೆಂದು ಊರಿಗೆ ತಿಳಿದರೆ? ನೆನೆದರೇ ಅವರ ಕಿವಿ ಕೆಂಪಾಗುತ್ತಿತ್ತು.

ಪಕ್ಕದ ಮನೆ ಸಿದ್ದಲಿಂಗಮ್ಮ ಫ್ರಾಕು ಕಂಡರು, ಕಿಟಕಿಗೆ ಕಣ್ಣಿಟ್ಟರು, ಸಾಲಾಗಿ ಮಲಗಿದ್ದ ಮೂರನ್ನೂ ಎಣಿಸಿದರು. ಮೇಷ್ಟ್ರ ಮನೆಯಲ್ಲಿ ಮೂರು ಮಕ್ಕಳೆಂದು ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ.

ಮೂರು ಗಂಟೆಗೆ ಹೊನ್ನಾಳಿಯ ಮುರುಗೇಶಪ್ಪ ಬಂದರು, ಮಗಳನ್ನು ಕೊಡುವ ಮಾತಾಡಲು. ಇಪ್ಪತ್ತು ಸಂಬಂಧ ತಪ್ಪಿದ ಮೇಲೆ ಮೇಷ್ಟ್ರಿಗೆ ಉಳಿದಿದ್ದು ಇದೊಂದೇ. ಮಂಡಕ್ಕಿ ತಟ್ಟೆ ಅವರ ಮುಂದಿಡುವಷ್ಟರಲ್ಲಿ ಬಾಗಿಲಲ್ಲಿ ಜೀಪು ನಿಂತಿತು. ಕುಟುಂಬ ಯೋಜನೆ ಶಿಬಿರದ ತಿಪ್ಪೇಶಪ್ಪ ಇಳಿದ. ಅದು ಎಪ್ಪತ್ತಾರನೇ ಇಸವಿ, ಎಮರ್ಜೆನ್ಸಿ ಕಾಲ. ಸಂಜೆಯೊಳಗೆ ಅವನಿಗೆ ಸಂತಾನಹರಣ ಆಪರೇಷನ್ನಿಗೆ ಇನ್ನೊಂದು ಕೇಸು ಬೇಕಿತ್ತು.

"ಮೇಷ್ಟ್ರೇ, ಮೂರು ಮಕ್ಳು ಅದಾವಂತೆ. ಸಾಕಲ್ರೀ? ಹತ್ರಿ ಜೀಪು."

"ನಂಗೆ ಮದುವೇನೇ ಆಗಿಲ್ಲ ಕಣ್ರೀ!"

"ಅದನ್ನ ನಮ್ ಫಾರಂನಾಗೆ ಕೇಳಿಲ್ಲ ಬಿಡ್ರಿ."

ಸಿದ್ದಲಿಂಗಮ್ಮ ಬೇಲಿಯಾಚೆಯಿಂದಲೇ ಕೂಗಿದರು: "ಬಿಳೀ ಮಕ್ಳು ಕಣ್ರೀ, ನಾನೇ ನೋಡೀನಿ. ತಾಯಿ ಯಾರೋ ದೊರೆಸಾನಿ ಇರ್ಬೇಕು!"

"ಅವು... ಜಗಳೂರಿನ ನಮ್ ತಂಗಿ ಮಕ್ಳು," ಎಂದರು ಮೇಷ್ಟ್ರು.

"ಆಯಮ್ಮಂಗೆ ಇನ್ನೂ ಗಂಡು ಹುಡುಕ್ತಾ ಇದೀರಲ್ರೀ!" ಎಂದರು ಸಿದ್ದಲಿಂಗಮ್ಮ.

ಮುರುಗೇಶಪ್ಪ ತುಟಿ ಪಿಟಕ್ಕೆನ್ನದೆ ಮಂಡಕ್ಕಿ ಮೆಲ್ಲುತ್ತಿದ್ದರು. ಅದು ಸಿಟ್ಟೆಂದೇ ಮೇಷ್ಟ್ರು ತಿಳಿದರು. ತಿಪ್ಪೇಶಪ್ಪ ರಟ್ಟೆ ಹಿಡಿದ. ಬೇರೆ ದಾರಿ ಕಾಣದೆ ಮೇಷ್ಟ್ರು ಒಳಗೆ ಹೋಗಿ ದೊಡ್ಡ ಗೊಂಬೆಯನ್ನು ಎತ್ತಿಕೊಂಡು ಬಂದರು. ಅದು ಎಲ್ಲರೆದುರು ಪಟಕ್ಕನೆ ಕಣ್ಣು ಬಿಟ್ಟಿತು.

"ಗೊಂಬೆ ಕಣ್ರೀ. ಮೂರೂ ಗೊಂಬೆ. ನನ್ನವೇ."

ನಾಚಿಕೆಯಿಂದ ಅವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಿಪ್ಪೇಶಪ್ಪ ಗೊಂಬೆಯ ಕೆನ್ನೆ ತಟ್ಟಿ ನೋಡಿ, ಹೆಸರು ಹೊಡೆದುಹಾಕಿ ಹೊರಟ. ಸಿದ್ದಲಿಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ಮುಂದಿನ ಮನೆಗೆ ಓಡಿದರು.

ಮೇಷ್ಟ್ರು ಕತ್ತೆತ್ತದೆ ಹೇಳಿದರು: "ಮಕ್ಳೂ ಇಲ್ಲ, ಮರೀನೂ ಇಲ್ಲ ಯಜಮಾನ್ರೇ. ನಿಮ್ ಅನುಮಾನ ಹೋಯ್ತಲ್ರೀ?"

"ಅನುಮಾನ ಏನ್ ಬಂತ್ರೀ?" ಮುರುಗೇಶಪ್ಪ ಚಪ್ಪಲಿ ಮೆಟ್ಟಿದರು. "ಮೂರು ಮಕ್ಳು ಅಂತ ಬಸ್ ಸ್ಟ್ಯಾಂಡಿನಾಗೇ ಹೇಳಿದ್ರು. ಇರ್ಲಿ, ನನ್ ಮಗಳೇ ಸಾಕ್ತಾಳೆ ಅಂತ ಒಪ್ಕಂಡೇ ಒಳಗೆ ಬಂದಿದ್ದೆ. ಗೊಂಬೆ ಆಡೋ ಗಂಡಿಗೆ ಹೆಣ್ಣು ಕೊಟ್ಟೆ ಅಂತ ಹೊನ್ನಾಳಿನಾಗೆ ಹೆಂಗ್ರೀ ಹೇಳ್ಲಿ?"