ಕೂಲರಿನ ಪಂಪೂ ಕಲ್ಲುಸಕ್ಕರೆಯೂ

ನಮ್ಮ ಕಾಕಾ ಜಗಳ ಹಚ್ಚುವುದರಲ್ಲಿ ನಿಸ್ಸೀಮರು. ಮನುಷ್ಯರ ನಡುವೆ ಅಲ್ಲ, ನೀರಿಗೂ ಕಾಳಿಗೂ! ಅದಕ್ಕಾಗಿ ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆ ಅವರಿಗೆ ಸಂಬಳ ಕೊಡುತ್ತಿತ್ತು ಎಂದರೆ ನಂಬುತ್ತೀರಾ?

ಅಲ್ಲೊಂದು ಆಳೆತ್ತರದ ಗಾಜಿನ ಕೊಳವೆ, ಅದರೊಳಗೆ ಸಾಸಿವೆಯಷ್ಟು ಸಣ್ಣ ಕಾಳುಗಳು. ಬಣ್ಣ ಬೆರೆತ ನೀರನ್ನು ಕೆಳಗಿನಿಂದ ನುಗ್ಗಿಸಿದರೆ ಕಾಳುಗಳು ಎದ್ದು ಕುಣಿಯಬೇಕು, ಕುಣಿಯುತ್ತ ಬಣ್ಣ ಹೀರಬೇಕು. ಕುಣಿತಕ್ಕೇನೂ ಕೊರತೆಯಿರಲಿಲ್ಲ. ಹೀರುವುದು ಮಾತ್ರ ಸರ್ಕಾರಿ ಕಚೇರಿಯ ವೇಗದಲ್ಲಿ! ಮೇ ಮುಗಿಯುವುದರೊಳಗೆ ಸರಿಹೋಗದಿದ್ದರೆ ಕೊಳವೆ ಗುಜರಿಗೆ, ಕಾಕಾ ಗೋದಾಮಿಗೆ ಎಂದು ಮ್ಯಾನೇಜರು ಹೇಳಿಬಿಟ್ಟಿದ್ದರು.

ನಾನಾಗ ದಿಲ್‌ಸುಖ್‌ನಗರದ ಅವರ ಮನೆಯಲ್ಲಿದ್ದು ಕಂಪ್ಯೂಟರ್ ಕೋರ್ಸಿಗೆ ಹೋಗುತ್ತಿದ್ದೆ. ಊರಿಗೆ ಊರೇ ಹೋಗುತ್ತಿತ್ತು!

"ಕಾಕಾ, ನೀವೂ ಕಲೀರಿ. ಗೋದಾಮಿನ ಕಾಟ ತಪ್ಪತೈತಿ."

"ನಿನ್ನ ಕಂಪ್ಯೂಟರಿನ್ಯಾಗ ಸಕ್ಕರಿ ಕರಗತೈತೇನು ತಂಗಿ?"

ಆಮೇಲೆ ಪಾಠ ಶುರು. "ಪ್ರತಿ ಕಾಳೂ ನೀರಿನ ತೆಳ್ಳನ ದುಪಟಿ ಹೊದ್ದು ಕುಂತೈತಿ. ಆ ನೀರು ಅಲುಗಾಡಂಗಿಲ್ಲ. ಬಣ್ಣ ಒಳಗ ಹೆಂಗ ಹೋಗಬೇಕು? ದುಪಟಿ ಹರೀಬೇಕು!"

ಹರಿಯುವ ಕೆಲಸ ಮನೆಯಲ್ಲೇ ಆರಂಭವಾಯಿತು. ಉದ್ದನೆಯ ಗಾಜಿನ ನಳಿಕೆಯಲ್ಲಿ ಕಲ್ಲುಸಕ್ಕರೆಯ ಹರಳುಗಳು, ಕೆಳಗಿನಿಂದ ನೀರು, ಕೈಯಲ್ಲಿ ಗಡಿಯಾರ. ಹೀರಿದರೇನು, ಕರಗಿದರೇನು, ದುಪಟಿ ಒಂದೇ ಎಂಬುದು ಅವರ ವಾದ. ನೀರು ನೂಕುವ ಪಂಪು ಎಲ್ಲಿಂದ ಬಂತು ಎಂಬುದು ಹೊರಬಿದ್ದದ್ದು ಅವರ ಹೆಂಡತಿ, ನಮ್ಮ ಕಾಕು, ಕೇಳಿದಾಗ.

"ಏನ್ರೀ, ಕೂಲರ್ ಯಾಕ ಬರೀ ಬಿಸಿಗಾಳಿ ಉಗುಳಾಕತ್ತೈತಿ?"

"ಅದರ ಪಂಪು ವಿಜ್ಞಾನಕ್ಕ ಕೊಟ್ಟೀನಿ."

"ಹಂಗಾರ ನನ್ನೂ ಕೊಟ್ಟುಬಿಡ್ರಿ, ಮನಿ ತಣ್ಣಗಿರತೈತಿ!"

ನೀರಿನ ರಭಸ ಹೆಚ್ಚಿಸಲು ಕಾಕಾ ಪಕ್ಕದ ಮನೆಯ ಕೂಲರಿನ ಪಂಪನ್ನೂ ಬೇಡಿ ತಂದರು. ಹರಳುಗಳು ಒಂದರಿಂದ ಒಂದು ದೂರ ಸರಿದವು, ಅಷ್ಟೇ. ಕರಗುವ ವೇಗ ಇದ್ದಷ್ಟೇ ಇತ್ತು. ಇನ್ನಷ್ಟು ರಭಸ! ಹರಳುಗಳು ನಳಿಕೆಯ ಬಾಯಿಂದ ಹಾರಿ ಕಾಕುವಿನ ಹಾಸಿಗೆಯ ಮೇಲೆ ಬಿದ್ದವು. ಇರುವೆಗಳ ಪಾಲಿಗೆ ಪ್ರಯೋಗ ಪೂರ್ಣ ಯಶಸ್ವಿ!

ಬೆವರೊರೆಸುತ್ತ ಬಂದ ಕಾಕು ಫಟ್ಟನೆ ಸ್ವಿಚ್ಚು ಆರಿಸಿದರು. ಕಾಕಾ ಹಾಕಿದರು. ಇವರು ಆರಿಸಿದರು. ಅವರು ಹಾಕಿದರು. ಇಪ್ಪತ್ತು ಸಲವೋ, ನಲವತ್ತೋ? ಪ್ರತಿ ಸಲ ಹೇಳುವಾಗಲೂ ನನ್ನ ಲೆಕ್ಕ ಬೆಳೆಯುತ್ತದೆ, ನಂಬಬೇಡಿ. ಆದರೆ ನಳಿಕೆಯನ್ನು ನೋಡುತ್ತಿದ್ದವಳು ನಾನು. ಹರಳುಗಳು ಕುಸಿದವು, ಜಿಗಿದವು, ಮತ್ತೆ ಕುಸಿದವು, ನೋಡನೋಡುತ್ತಿದ್ದಂತೆ ಮಾಯವಾದವು!

"ಕಾಕಾ, ಸಕ್ಕರಿ ಇಲ್ಲ!"

ಕಾಕಾ ಗಡಿಯಾರ ನೋಡಿದರು. ನಳಿಕೆ ನೋಡಿದರು. ಕಾಕುವಿನತ್ತ ತಿರುಗಿ ಕೈಮುಗಿದರು. "ಏ ಇಕಿನ, ದುಪಟಿ ಹರೀತು! ಇನ್ನೊಮ್ಮೆ ಜಗಳಾ ಮಾಡ!"

ಆ ವಾರವೆಲ್ಲ ದಿನಕ್ಕೆ ಎರಡು ಹೊತ್ತು ಜಗಳ. ಎಷ್ಟು ಹೊತ್ತು ಹರಿಸಬೇಕು, ಎಷ್ಟು ಹೊತ್ತು ತಡೆಯಬೇಕು ಎಂದು ಕಾಕಾ ಬರೆದುಕೊಂಡರು. ಕಾರ್ಖಾನೆಯಲ್ಲಿ ಪಂಪು ತಾನಾಗಿಯೇ ನಿಂತು ನಡೆಯುವಂತೆ ಮಾಡುವ ಯಂತ್ರ ಕೇಳಿದರೆ, "ಮೊದಲು ತೋರಿಸಿ, ಆಮೇಲೆ ನೋಡೋಣ" ಎಂದರು ಮ್ಯಾನೇಜರು. ಮೇ ತಿಂಗಳ ಕೊನೆಯ ದಿನ ಕಾಕಾ ತಾವೇ ವಾಲ್ವಿನ ಮುಂದೆ ನಿಂತರು. ಬೆಳಿಗ್ಗೆಯಿಂದ ತಿರುಗಿಸಿದರು, ಬಿಗಿದರು, ತಿರುಗಿಸಿದರು. ಊಟಕ್ಕೂ ಕದಲಲಿಲ್ಲ. ಸಂಜೆಗೆ ಕೊಳವೆಯಿಂದ ತಿಳಿನೀರು ಹೊರಬಂತು. ಗುಜರಿಯವನು ಬರಿಗೈಯಲ್ಲಿ ಹೋದ.

ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ ಕೂಲರಿಗೆ ಪಂಪು ಜೋಡಿಸಲು ಕೂತರು. ಸ್ಕ್ರೂಡ್ರೈವರ್ ಕೈಯಲ್ಲಿ ನಿಲ್ಲಲಿಲ್ಲ.

"ಕೈ ತೋರಸ್ರಿ," ಎಂದರು ಕಾಕು.

ಅಂಗೈ ತುಂಬ ಬೊಬ್ಬೆ. ಕಾಕು ತಂಬಿಗೆಯಿಂದ ತಣ್ಣೀರು ಸುರಿದರು, ನೋಯುತ್ತದೇನೋ ಎಂದು ತಡೆದರು, ಮತ್ತೆ ಸುರಿದರು.

ತುಸು ಹೆಚ್ಚೇ ಚೆಂದವಾಗಿ ನೆನಪಿರುವ ಚಿತ್ರಗಳ ಮೇಲೆ ನನಗೆ ಅನುಮಾನ. ತಂಬಿಗೆ ಹಿತ್ತಾಳೆಯದೋ ಸ್ಟೀಲಿನದೋ, ಹೇಳಲಾರೆ. ಕಾಕಾ ಕಣ್ಣು ಮುಚ್ಚಿ ಆಡಿದ ಮಾತು ಮಾತ್ರ ಕಿವಿಯಲ್ಲಿದೆ.

"ನಿಲ್ಲಿಸಬ್ಯಾಡ. ಹಂಗ ಹಾಕಕೋತ ಇರು."