ನೂರೆಂಟು ಗೂಟಗಳು

ಮೂವತ್ತು ವರ್ಷ ಕಚೇರಿಯಲ್ಲಿ ರಸ್ತೆಯ ಫೈಲುಗಳನ್ನೇ ನೋಡಿ ನಿವೃತ್ತನಾದವನು ನಾನು. ತೋಟದೊಳಗಿನ ನಮ್ಮ ಮುನ್ನೂರು ಮೀಟರ್ ಮಣ್ಣುದಾರಿ ನನಗೊಂದು ಲೆಕ್ಕವೇ? ಈ ಮಳೆಗಾಲದಲ್ಲಿ ಅದು ಅರ್ಧ ದಿನವೂ ಮುಚ್ಚುವುದಿಲ್ಲವೆಂದು ಮೇ ತಿಂಗಳಲ್ಲೇ ಘೋಷಿಸಿಬಿಟ್ಟೆ!

ಹೋದ ವರ್ಷ ಪಕ್ಕದ ಗುಡ್ಡದ ಬರೆ ಜಾರಿ ದಾರಿಗೆ ಮಣ್ಣು ಬಿದ್ದಾಗ ಜೆಸಿಬಿಯ ಸುನಿಲ್ ಬಂದಿದ್ದ. ಕೆಸರಲ್ಲಿ ದಾರಿಯ ಅಂಚು ಕಾಣದೆ ಮಣ್ಣಿನ ಜೊತೆ ನಮ್ಮ ನೀರಿನ ಪೈಪನ್ನೂ ಎತ್ತಿದ್ದ. "ಮುಂದಿನ ಸಲ ಎರಡೂ ಕಡೆ ಗೂಟ ಹಾಕಿಡಿ ಸಾರ್, ಕಣ್ಮುಚ್ಕೊಂಡು ಮಣ್ಣು ತೆಗೀತೀನಿ" ಎಂದಿದ್ದ.

ನೆರಳಿನ ಮರ ಕಡಿಸಿದ್ದರಿಂದ ತೋಟದಲ್ಲಿ ಹಾಲುವಾಣದ ರೆಂಬೆಗಳು ರಾಶಿ ಬಿದ್ದಿದ್ದವು. ಹಗ್ಗ ಹಿಡಿದು, ಟೇಪು ಎಳೆದು, ನೂರೆಂಟು ಗೂಟ ನೆಟ್ಟೆ. ಅವುಗಳ ತಲೆಗೆ ಬಿಳಿ ಬಣ್ಣವನ್ನೂ ಬಳಿದೆ. ಹೆಂಡತಿ ವಿಮಲಾ ಬಂದು ನೋಡಿದಳು.

"ಹಸಿ ರೆಂಬೆ ಯಾಕ್ರೀ? ಬಿದಿರು ಹಾಕಬಾರದಿತ್ತಾ?"

"ಬಿದಿರು ವಾಲುತ್ತೆ ಕಣೇ. ಇದು ಗಟ್ಟಿಯಾಗಿ ನಿಲ್ಲುತ್ತೆ."

"ನಿಲ್ಲುತ್ತೆ. ನನ್ನ ಭಯ ಅದೇ."

ಹಾಲುವಾಣ ನೆಟ್ಟರೆ ಚಿಗುರುತ್ತದೆಂದು ಕೊಡಗಿನ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ನಾನು ನೆಟ್ಟಿದ್ದು ಗಿಡವಲ್ಲ, ಗೂಟ! ತಾನು ಗೂಟವೆಂಬ ಪ್ರಜ್ಞೆ ಅದಕ್ಕಾದರೂ ಇರಬೇಕಿತ್ತು.

ಇರಲಿಲ್ಲ. ಜೂನ್ ಮಳೆಗೆ ನೂರೆಂಟೂ ಚಿಗುರಿದವು. ನನ್ನ ಜನ್ಮದಲ್ಲಿ ನೆಟ್ಟಿದ್ದೆಲ್ಲ ಬದುಕಿದ್ದು ಅದೊಂದೇ ಸಲ. ಜುಲೈ ಹೊತ್ತಿಗೆ ಎರಡೂ ಕಡೆಯ ಕೊಂಬೆಗಳು ಕೈಕೈ ಹಿಡಿದುಕೊಂಡವು. ಇದೇ ದಾರಿ ಬಳಸುವ ಪಕ್ಕದ ತೋಟದ ಗಂಗಮ್ಮ ತನ್ನ ಬದಿಯ ಐವತ್ನಾಲ್ಕು ಗೂಟಗಳ ಬುಡಕ್ಕೂ ಒಳ್ಳೆಮೆಣಸಿನ ಬಳ್ಳಿ ನೆಟ್ಟು, "ನಮ್ಮ ಬಳ್ಳಿಗೆ ಅಂತ ಇಷ್ಟು ಕಷ್ಟಪಟ್ರಲ್ಲ ಅಣ್ಣಾ" ಎಂದು ಹರಸಿಹೋದಳು.

ಬರೆ ಮತ್ತೆ ಜಾರಿತು. ಅದೂ ಯಾವತ್ತು? ವಿಮಲಾಳ ತಮ್ಮ ಅನಿಲ್‌ಕುಮಾರನ ಮಗಳಿಗೆ ಕೊಡ್ಲಿಪೇಟೆಯಲ್ಲಿ ಹೆಸರಿಡುವ ದಿನ! ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಇರುವ ಒಬ್ಬಳೇ ಸೋದರತ್ತೆ ರೇಷ್ಮೆ ಸೀರೆಯುಟ್ಟು ನಮ್ಮ ಜಗಲಿಯಲ್ಲಿ ನಿಂತಿದ್ದಳು. ದಾರಿಯಲ್ಲಿ ಮಂಡಿಯುದ್ದ ಕೆಸರು. ಮುಹೂರ್ತ ಹನ್ನೊಂದಕ್ಕೆ.

ಎಂಟು ಗಂಟೆಗೆ ಸುನಿಲ್ ಫೋನ್ ಮಾಡಿದ. "ಸಾರ್, ಗೇಟ್ ಹತ್ರ ಇದೀನಿ. ರೋಡ್ ಎಲ್ಲಿ?"

"ನಿನ್ನ ಎದುರಿಗೇ ಇದೆಯಲ್ಲಪ್ಪ."

"ಎದುರಿಗೆ ಕಾಡಿದೆ ಸಾರ್."

ಕೊಡೆ ಹಿಡಿದು ಓಡಿದೆ. ಗೂಟಗಳನ್ನು ಕೀಳದೆ ಜೆಸಿಬಿ ಒಳಬರುವಂತಿರಲಿಲ್ಲ. ಅಷ್ಟರಲ್ಲಿ ಗಂಗಮ್ಮ ಕತ್ತಿ ಹಿಡಿದು ತನ್ನ ಬಳ್ಳಿಗಳ ಮುಂದೆ ನಿಂತಾಗಿತ್ತು. "ಬೇರು ಬಿಟ್ಟಿದೆ ಅಣ್ಣಾ. ಈಗ ಕಿತ್ರೆ ಸಾಯ್ತದೆ. ಬೇಕಾದ್ರೆ ನಿಮ್ಮ ಕಡೆ ತೆಗೀರಿ."

"ನಿಮ್ಮ ಬಳ್ಳಿ ತಪ್ಪಿಸಿ ಜೆಸಿಬಿ ನನ್ನ ಕಡೆಗೆ ಸರಿದರೆ ಒಂದು ಸಾಲು ಕಾಫಿ ಗಿಡವೂ ಹೋಗುತ್ತಲ್ಲಮ್ಮ! ನನ್ನ ಅಪ್ಪ ನೆಟ್ಟ ಗಿಡ!" ನಾನು ವಾದಕ್ಕೆ ನಿಂತೆ. ಗಂಟೆ ಒಂಬತ್ತಾಯಿತು. ಹಿಂದಿನಿಂದ ವಿಮಲಾಳ ಧ್ವನಿ ಬಂತು. ಸೀರೆಯನ್ನು ಮಂಡಿಗೆತ್ತಿ ಕಟ್ಟಿ, ಮಗುವಿಗೆಂದು ತಂದಿದ್ದ ಬೆಳ್ಳಿ ಬಟ್ಟಲನ್ನು ಎದೆಗೊತ್ತಿಕೊಂಡು ಕೆಸರಿನ ಅಂಚಿಗೇ ಬಂದಿದ್ದಳು.

"ಕಾಫಿ ಗಿಡ ಮತ್ತೆ ನೆಡಬಹುದು ಕಣ್ರೀ. ನನ್ನ ತಮ್ಮನಿಗೆ ಮಗುವಾಗೋಕೆ ಹನ್ನೊಂದು ವರ್ಷ ಬೇಕಾಯ್ತು." ಅವಳ ಕಣ್ಣು ತುಂಬಿತ್ತು. ನಾನು ಪಕ್ಕಕ್ಕೆ ಸರಿದೆ. "ತೆಗಿ ಸುನಿಲ್" ಎಂದಳು.

ಸುನಿಲ್ ತೆಗೆದ. ನನ್ನ ಐವತ್ನಾಲ್ಕು ಗೂಟಗಳೂ ಇಪ್ಪತ್ತಾರು ಕಾಫಿ ಗಿಡಗಳೂ ಮಗುಚಿದವು. ಹೊಸ ದಾರಿ ನನ್ನ ತೋಟದೊಳಗೇ ಸಾಗಿತು. ಗಂಗಮ್ಮನ ಒಂದು ಬಳ್ಳಿಯ ಎಲೆಯೂ ಅಲುಗಲಿಲ್ಲ.

ನಾವು ಕೊಡ್ಲಿಪೇಟೆ ಮುಟ್ಟಿದಾಗ ಹನ್ನೊಂದಕ್ಕೆ ಐದು ನಿಮಿಷವಿತ್ತು. ವಿಮಲಾ ಕೈಕಾಲು ತೊಳೆದು ತೊಟ್ಟಿಲಿಗೆ ಬಾಗಿ, "ಅಮೃತಾ" ಎಂದು ಮೂರು ಸಲ ಉಸುರಿದಳು. ಮಗು ಆಕಳಿಸಿತು. ನನಗೂ ಕಣ್ಣು ಒದ್ದೆಯಾಯಿತು.

ಆಗ ವಿಮಲಾಳ ಚಿಕ್ಕಮ್ಮ ತುಂಬಿದ ಸಭೆಯಲ್ಲಿ ಕೇಳಿದರು. "ಯಾಕೆ ವಿಮಲಾ, ಇಷ್ಟು ತಡ?"

ವಿಮಲಾ ತೊಟ್ಟಿಲು ತೂಗುತ್ತಲೇ ಹೇಳಿದಳು. "ಇವರು ಮನೆಗೆ ರಸ್ತೆ ನೆಟ್ಟಿದ್ರು ಚಿಕ್ಕಮ್ಮಾ. ಹುಲುಸಾಗಿ ಬಂದಿತ್ತು. ಕಡಿಸ್ಕೊಂಡು ಬರೋ ಹೊತ್ತಿಗೆ ಇಷ್ಟೊತ್ತಾಯ್ತು."